ದಾಳಿಂಬ್ರಿ ಜ್ಯೂಸ್ ಕುಡಿದ್ರ ವಿಕಿರಣದ ಹಾನಿ ತಪ್ಪತೈತೇನು?

ನಮಸ್ಕಾರ್ರೀ ಎಲ್ಲಾರಿಗೂ. ಇಳಕಲ್ ಕಡಿಂದ ಒಬ್ರು ಅಕ್ಕಾರು ಕೇಳ್ಯಾರ: "ನಮ್ಮ ಮಾವನವರಿಗೆ ಗಂಟಲ ಕ್ಯಾನ್ಸರಿಗೆ ಕರೆಂಟ್ (ವಿಕಿರಣ ಚಿಕಿತ್ಸಾ) ಕೊಡಾಕತ್ತಾರ. ದಿನಾ ದಾಳಿಂಬ್ರಿ ಜ್ಯೂಸ್ ಕುಡಿಸಿದ್ರ ಕರೆಂಟಿನ ಹಾನಿ ತಟ್ಟೂದಿಲ್ಲ ಅಂತ ವಾಟ್ಸಾಪಿನಾಗ ಬಂದೈತಿ. ಖರೇ ಏನ್ರೀ?"

ಬಾಗಲಕೋಟಿ ಕಡೆ ದಾಳಿಂಬ್ರಿ, ಬಾಜೂಕ ವಿಜಯಪುರದಾಗ ದ್ರಾಕ್ಷಿ. ನಮ್ಮ ಹೊಲದಾಗ ಬೆಳೆದದ್ದೇ ಔಷಧ ಆದ್ರ ಯಾರಿಗೆ ಬ್ಯಾಡ? ಅದಕ್ಕ ಈ ಪ್ರಶ್ನಿ ಬೆನ್ನು ಹತ್ತೀನಿ.

(ತೆರೆಯ ಮೇಲೆ: ನೀರಿನ ಅಣು ಒಡೆಯುವ ಚಿತ್ರ)

ಮೊದಲಿನ ಪಾಠ ಲಗೂನ ಮುಗಿಸ್ತೀನಿ. ಎಕ್ಸ್-ರೇ, ಗಾಮಾ ಕಿರಣ ಮಾಡೋ ಹಾನಿಯೊಳಗ ಸುಮಾರು ಮೂರನೇ ಒಂದು ಪಾಲು ನೇರ ಡಿಎನ್‌ಎಗೆ ಬೀಳತೈತಿ. ಉಳಿದದ್ದು ನಮ್ಮ ಮೈಯಾನ ನೀರಿನಿಂದ. ನೀರಿನ ಅಣು ಒಡದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಅನ್ನೋ ಚುರುಕಿನ ತುಣುಕು ಹುಟ್ಟತೈತಿ, ಅದು ಹೋಗಿ ಡಿಎನ್‌ಎ ಕಡಿತೈತಿ. ಇಂಥಾದ್ದನ್ನ ಹಿಡಿದು ತಣ್ಣಗ ಮಾಡೋದು ಆಂಟಿಆಕ್ಸಿಡೆಂಟ್. ದಾಳಿಂಬ್ರ್ಯಾಗ ಪ್ಯೂನಿಕ್ಯಾಲಜಿನ್ ಅನ್ನೋ ಆಂಟಿಆಕ್ಸಿಡೆಂಟ್ ಐತಿ, ದ್ರಾಕ್ಷಿ ಸಿಪ್ಪ್ಯಾಗ ರೆಸ್ವೆರಟ್ರಾಲ್. ಗಾಜಿನ ನಳಿಗ್ಯಾಗ ಇವು ಚಲೋನೇ ಕೆಲಸ ಮಾಡತಾವ. ವಾಟ್ಸಾಪ್ ಕಥಿ ಇಲ್ಲಿಗೇ ನಿಲ್ಲತೈತಿ.

ನನ್ನ ದಂಗ ಬಡಿಸಿದ್ದು ಮಾತ್ರ ಆ ರ್‍ಯಾಡಿಕಲ್ಲಿನ ಆಯುಷ್ಯ. ಒಂದು ಸೆಕೆಂಡನ್ನ ನೂರು ಕೋಟಿ ತುಂಡು ಮಾಡ್ರಿ. ಅಂಥಾ ಕೆಲವೇ ತುಂಡಿನಷ್ಟು ಹೊತ್ತು ಅದು ಬದುಕೋದು. ಅಷ್ಟರಾಗ ಸರಿದಾಡೋದು ಕೆಲವೇ ನ್ಯಾನೋಮೀಟರ್. ಡಿಎನ್‌ಎ ಎಳಿ ಅಗಲಾನೇ 2 ನ್ಯಾನೋಮೀಟರ್! ಅಂದ್ರ ಡಿಎನ್‌ಎ ಮಗ್ಗಲದಾಗ ಹುಟ್ಟಿದ್ದು ಅಷ್ಟ ಡಿಎನ್‌ಎ ಕಡಿತೈತಿ.

ಬಿಳಿಜೋಳ ಹಾಲುಗಾಳಿಗೆ ಬಂದಾಗ ಮಂಚಿಕಿ ಮ್ಯಾಲ ಕವಣಿ ಹಿಡದು ಹಕ್ಕಿ ಕಾಯ್ತಾರಲ್ರೀ? ಹಕ್ಕಿ ದೂರದಿಂದ ಹಾರಿ ಬರತೈತಿ, ಅದಕ್ಕ ಒಬ್ಬಾಂವ ಕುಂತ್ರ ಇಡೀ ಹೊಲ ಕಾಯಬಹುದು. ಈ ಹಕ್ಕಿ ತೆನಿಯೊಳಗ ಹುಟ್ಟಿ, ಹುಟ್ಟಿದ ಕ್ಷಣಾನ ಬಾಜೂಕಿನ ಕಾಳು ಕುಕ್ಕಿದ್ರ? ಮಂಚಿಕಿ ಮ್ಯಾಲಿನಾಂವ ಕವಣಿ ಎತ್ತೂದ್ರಾಗ ಕೆಲಸ ಮುಗಿದಿರತೈತಿ. ಪ್ರತಿ ತೆನಿಗೂ ಒಬ್ಬೊಬ್ಬ ಆಳು ಮೊದಲ ಬಂದು ನಿಂತಿರಬೇಕು.

ಹಂಗಾದ್ರ ಜ್ಯೂಸ್ ಎಷ್ಟು ಆಳು ಕಳಸತೈತಿ? ದಾಳಿಂಬ್ರಿಯ ಪ್ಯೂನಿಕ್ಯಾಲಜಿನ್ ಬಹುಪಾಲು ಇರೋದು ನಾವು ಬಿಸಾಡೋ ಸಿಪ್ಪ್ಯಾಗ. ಫ್ಯಾಕ್ಟರ್‍ಯಾಗ ಇಡೀ ಹಣ್ಣು ಹಿಂಡತಾರ, ಅದಕ್ಕ ಬಾಟ್ಲಿ ಜ್ಯೂಸಿನ್ಯಾಗ ಅದು ಹೆಚ್ಚು, ಮನ್ಯಾಗ ಕಾಳು ಬಿಡಿಸಿ ಹಿಂಡಿದ್ರಾಗ ಕಡಿಮಿ. ಎಷ್ಟ ಕುಡಿದ್ರೂ ಅದು ಹಂಗೇ ರಕ್ತಕ್ಕ ಹೋಗೂದಿಲ್ಲ, ಕರುಳಿನ ಬ್ಯಾಕ್ಟೀರಿಯಾ ಅದನ್ನ ಒಡದು ಯುರೋಲಿಥಿನ್ ಅನ್ನೋ ಬ್ಯಾರೆ ವಸ್ತು ಮಾಡತಾವ. ಪ್ಯೂನಿಕ್ಯಾಲಜಿನ್ ಒಡದಾಗ ಸಿಗೋ ಎಲ್ಲಾಜಿಕ್ ಆಮ್ಲ ರಕ್ತದಾಗ ಕಾಣೋದು ಲೀಟರಿಗೆ ಒಂದು ಮೈಕ್ರೋಮೋಲಿಗಿಂತ ಕಡಿಮಿ. ನಮ್ಮ ಜೀವಕೋಶ ತಾನೇ ತಯಾರು ಮಾಡೋ ಗ್ಲುಟಾಥಯಾನ್ ಅನ್ನೋ ಆಂಟಿಆಕ್ಸಿಡೆಂಟ್ ಐತಲ್ಲ, ಅದು ಲೀಟರಿಗೆ 1ರಿಂದ 10 ಮಿಲಿಮೋಲ್ (ಒಂದು ಮಿಲಿಮೋಲ್ ಅಂದ್ರ ಸಾವಿರ ಮೈಕ್ರೋಮೋಲ್). ಅಂದ್ರ ಸಾವಿರಾರು ಪಟ್ಟು. ದೇವರಾಣೆಗೂ ಈ ಲೆಕ್ಕ ನನಗ ಬಾಳ ಹಿಡಿಸೇತಿ: ದೊಡ್ಡ ಕಾವಲು ಹಣ್ಣಿನ್ಯಾಗಿಲ್ಲ, ನಮ್ಮ ಕೋಶದಾಗೇ ಐತಿ!

ಇಲಿಗಳ ಮ್ಯಾಲ ಫಲಿತಾಂಶ ಸಿಕ್ಕಾವಲ್ಲ ಅಂತೀರಿ. ಸಿಕ್ಕಾವ. ಅಲ್ಲಿ ಸಾಮಾನ್ಯವಾಗಿ ಗಟ್ಟಿ ಸಾರ ಕೊಡತಾರ, ಅದೂ ಕಿರಣ ಬಿಡೋಕ್ಕಿಂತ ಮೊದಲ. ಸಸ್ಯದ ಈ ವಸ್ತುಗಳು ಎನ್‌ಆರ್‌ಎಫ್‌2 ಅನ್ನೋ ಪ್ರೋಟೀನ್ ಎಬ್ಬಿಸಿ ಕೋಶದ ಸ್ವಂತ ರಕ್ಷಣಾ ಹೆಚ್ಚಸತಾವ, ನನ್ನ ದೃಷ್ಟಿಯೊಳಗ ಖರೇ ಹುಡುಕಬೇಕಾದ ದಾರಿ ಅದು. 1949ರಾಗ ಅಮೆರಿಕದ ವಿಜ್ಞಾನಿ ಹಾರ್ವೆ ಪ್ಯಾಟ್ ಮತ್ತವರ ಸಂಗಡಿಗರು ಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಕೊಟ್ಟು ಇಲಿ ಉಳಿಸಿದ್ದೂ ಎಕ್ಸ್-ರೇಕ್ಕಿಂತ ಮೊದಲ ಕೊಟ್ಟಾಗ. ಆಮ್ಯಾಲ ಕೊಟ್ರ ಉಪಯೋಗ ಆಗಲಿಲ್ಲ. ಅಮೆರಿಕದ ಸೇನಾ ಸಂಶೋಧನೆಯಿಂದ ಬಂದ ಅಮಿಫಾಸ್ಟಿನ್ ಇವತ್ತಿಗೂ ಕರೆಂಟಿಗೆ ಮೊದಲೇ ರಕ್ತನಾಳಕ್ಕ ಚುಚ್ಚಿ ಕೊಡೋ ಔಷಧ. ಅದಕ್ಕೂ ವಾಂತಿ, ಬಿಪಿ ಇಳಿಯೋ ಕಾಟ ಐತಿ.

ವಿಡಿಯೋ ಉದ್ದ ಆಗಾಕತ್ತೈತಿ, ಉಳಿದದ್ದು ಒಟ್ಟಿಗೇ ಹೇಳ್ತೀನಿ.

ಅಕ್ಕಾರ, ಇದು ನಿಮಗ ಮುಖ್ಯ. ಕರೆಂಟ್ ಕ್ಯಾನ್ಸರ್ ಗಡ್ಡಿ ಕೊಲ್ಲೋದೂ ಬಹುಪಾಲು ಇದೇ ರ್‍ಯಾಡಿಕಲ್ಲಿನಿಂದ. ತಲಿ-ಕುತ್ತಿಗಿ ಕ್ಯಾನ್ಸರಿನ 540 ಮಂದಿ ಮ್ಯಾಲ ಕೆನಡಾದಾಗ ವಿಟಮಿನ್ ಇ, ಬೀಟಾ ಕ್ಯಾರೋಟಿನ್ ಗುಳಿಗಿ ಪರೀಕ್ಷಾ ಮಾಡಿದ್ರು, 2005ರಾಗ ಫಲಿತಾಂಶ ಬಂತು. ಕರೆಂಟಿನ ಅಡ್ಡಪರಿಣಾಮ ತಗ್ಗಿದ್ವು, ಆದ್ರ ಗಡ್ಡಿ ಅಲ್ಲೇ ಮರಳಿ ಬರೋದು ಹೆಚ್ಚೋ ಲಕ್ಷಣಾನೂ ಕಂಡ್ತು. ಅದಕ್ಕ ಡಾಕ್ಟರಿಗೆ ಹೇಳದ ಆಂಟಿಆಕ್ಸಿಡೆಂಟ್ ಗುಳಿಗಿ, ಪುಡಿ ಕೊಡಬ್ಯಾಡ್ರಿ. ಮಾವನವರಿಗೆ ಹಣ್ಣಿನ ರುಚಿ ಬೇಕಾದ್ರ ಅವರ ಡಾಕ್ಟರನ್ನ ಕೇಳಿ ಕೊಡ್ರಿ. ಬಾಯಿ ಹುಣ್ಣಾಗಿದ್ರ ಹುಳಿ ಉರಿತೈತಿ, ಸಕ್ಕರಿ ಕಾಯಿಲಿ ಇದ್ರ ಸಿಹಿ ಲೆಕ್ಕಕ್ಕ ಬರತೈತಿ.

ಇನ್ನ ಎದಿ ಎಕ್ಸ್-ರೇ ತಗಿಸಿದ ಮ್ಯಾಲ ಜ್ಯೂಸ್ ಹುಡುಕೋದು ಬ್ಯಾಡ. ಮೊಬೈಲ್ ಟವರ್ ಅಲಿಗೆ ನೀರಿನ ಅಣು ಒಡಿಯೋ ಶಕ್ತಿನೇ ಇಲ್ಲ. ಕೈಗಾ ಅಣುಸ್ಥಾವರದ ಹೆಸರು ತಗದು ಅಯೋಡಿನ್ ಗುಳಿಗಿ ಕೇಳಿದವರಿಗೆ: ಅದು ಆಂಟಿಆಕ್ಸಿಡೆಂಟ್ ಅಲ್ಲ, ಥೈರಾಯ್ಡಿನ್ಯಾಗ ಮೊದಲ ಜಾಗಾ ಹಿಡದು ವಿಕಿರಣದ ಅಯೋಡಿನ್ ಒಳಗ ಕೂಡದಂಗ ಮಾಡತೈತಿ. ಥೈರಾಯ್ಡ್ ಒಂದಕ್ಕ ಅಷ್ಟ, ಅದನ್ನೂ ಸರ್ಕಾರ ಹೇಳಿದಾಗ ಮಾತ್ರ ನುಂಗಬೇಕು.