ಪೊಲೀಸರ ಮೇಲಿನ ದೂರು ಮತ್ತು ತನಿಖೆಯ ಗಡುವು

ಕೇಳುಗರೇ, ನಮಸ್ಕಾರ. ಪೊಲೀಸ್ ಅಧಿಕಾರಿಯೊಬ್ಬರ ದುರ್ನಡತೆಯ ಬಗ್ಗೆ ದೂರು ಬಂದಾಗ ಅದರ ತನಿಖೆ ಎಷ್ಟು ಕಾಲದಲ್ಲಿ ಮುಗಿಯಬೇಕೆಂಬುದಕ್ಕೆ ಹಲವೆಡೆ ನಿಯಮಗಳಿವೆ. ಗಡುವು ಎಷ್ಟು ತಿಂಗಳು ಎಂಬುದಕ್ಕಿಂತ, ಅದು ಮೀರಿದಾಗ ನಷ್ಟ ಯಾರಿಗೆ ಎಂಬುದೇ ಇಲ್ಲಿ ಮುಖ್ಯವೆಂದು ನನಗೆ ತೋರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ತನಿಖೆಗೆ ಆದೇಶಿಸಬಲ್ಲವರ ಗಮನಕ್ಕೆ ಆರೋಪ ಬಂದ ಒಂದು ವರ್ಷದೊಳಗೆ ಇಲಾಖೆಯು ತನಿಖೆ ಮುಗಿಸಿ, ತಾನು ಕೈಗೊಳ್ಳಲಿರುವ ಶಿಸ್ತುಕ್ರಮವನ್ನು ಅಧಿಕಾರಿಗೆ ತಿಳಿಸದಿದ್ದರೆ, ಆ ಆರೋಪದ ಮೇಲೆ ಸಾಮಾನ್ಯವಾಗಿ ಅವರನ್ನು ದಂಡಿಸುವಂತಿಲ್ಲ. ಅದೇ ವಿಷಯದಲ್ಲಿ ಕ್ರಿಮಿನಲ್ ತನಿಖೆ ಅಥವಾ ಮೊಕದ್ದಮೆ ನಡೆಯುತ್ತಿದ್ದರೆ ಆ ಅವಧಿಯನ್ನು ಲೆಕ್ಕದಿಂದ ಬಿಡಲಾಗುತ್ತದೆ. ಇನ್ನೂ ಕೆಲವು ವಿನಾಯಿತಿಗಳಿವೆ. ಈ ನಿಯಮದಲ್ಲಿ ನ್ಯಾಯವಿಲ್ಲವೆನ್ನಲಾಗದು. ವರ್ಷಗಟ್ಟಲೆ ಆರೋಪ ಹೊತ್ತು, ಬಡ್ತಿ ತಪ್ಪಿ, ಅಮಾನತಿನಲ್ಲಿ ದಿನ ದೂಡುವ ನಿರ್ದೋಷಿ ಅಧಿಕಾರಿಗೆ ವಿಳಂಬವೇ ಶಿಕ್ಷೆ. ಆದರೆ ತಡ ಮಾಡಿದ್ದು ಇಲಾಖೆ, ಲಾಭ ಆಪಾದಿತರಿಗೆ, ನಷ್ಟ ದೂರುದಾರರಿಗೆ ಎಂದಾದಲ್ಲಿ, ಸಹೋದ್ಯೋಗಿಯನ್ನು ಉಳಿಸಬಯಸುವವರು ಸುಳ್ಳು ವರದಿ ಬರೆಯಬೇಕಾಗಿಯೂ ಇಲ್ಲ. ಕಡತವನ್ನು ಸುಮ್ಮನೆ ಇಟ್ಟುಕೊಂಡರೆ ಸಾಕು.

ಇಂಗ್ಲೆಂಡ್ ಮತ್ತು ವೇಲ್ಸ್‌ನ 2020ರ ನಿಯಮಗಳು ಬೇರೆ ದಾರಿ ಹಿಡಿದಿವೆ. ಅಲ್ಲಿ 12 ತಿಂಗಳು ಕಳೆದರೂ ತನಿಖೆ ರದ್ದಾಗುವುದಿಲ್ಲ. ವಿಳಂಬದ ಕಾರಣವನ್ನೂ ಮುಗಿಯಬಹುದಾದ ಕಾಲವನ್ನೂ ಲಿಖಿತವಾಗಿ ತಿಳಿಸಬೇಕಾಗುತ್ತದೆ. ಬರೀ ವಿವರಣೆಯಿಂದ ತನಿಖೆ ಚುರುಕಾಗುವುದೇ ಎಂಬ ಸಂದೇಹ ಉಳಿದರೂ, ದೂರಂತೂ ಜೀವಂತವಾಗಿರುತ್ತದೆ. ಭಾರತದ ಸರ್ವೋಚ್ಚ ನ್ಯಾಯಾಲಯವು ನ್ಯಾಯಾಲಯದ ನೌಕರರೊಬ್ಬರ ಪ್ರಕರಣದಲ್ಲಿ 2015ರಲ್ಲಿ, ಇಲಾಖಾ ವಿಚಾರಣೆಗಳು ಸಾಧ್ಯವಾದಷ್ಟು 6 ತಿಂಗಳಲ್ಲಿ, ಅನಿವಾರ್ಯ ಕಾರಣಗಳಿದ್ದರೂ ಒಂದು ವರ್ಷದೊಳಗೆ ಮುಗಿಯಬೇಕೆಂದು ಹೇಳಿತು.

ಕೊನೆಯ ದಿನಾಂಕಕ್ಕಿಂತಲೂ ಹೆಚ್ಚಾಗಿ, ದೂರು ಬಂದ ಮೊದಲ ಕೆಲವು ದಿನಗಳಿಗೇ ಕಟ್ಟುನಿಟ್ಟಾದ ಗಡುವು ಬೇಕು. ಗಾಯದ ಗುರುತುಗಳು ಮಾಸುತ್ತವೆ, ಸಾಕ್ಷಿಗಳು ಊರು ಬಿಡುತ್ತಾರೆ, ಕ್ಯಾಮೆರಾ ದೃಶ್ಯಗಳು ಅಳಿಸಿಹೋಗುತ್ತವೆ. ಠಾಣೆಗಳ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಕಾಪಿಡಬೇಕೆಂದು ಅದೇ ನ್ಯಾಯಾಲಯ 2020ರಲ್ಲಿ ಆದೇಶಿಸಿದೆ. ಹಾಗೆ ಉಳಿಸಿದ ದೃಶ್ಯವನ್ನು ತನಿಖಾಧಿಕಾರಿ ಕೇಳಿ ಪಡೆಯುವುದಕ್ಕೇ ವರ್ಷ ಹಿಡಿದರೆ ಆ ಆದೇಶದಿಂದಲೂ ಪ್ರಯೋಜನವಾಗದು.

ಸಂಕೀರ್ಣ ಪ್ರಕರಣಗಳಲ್ಲಿ ಅವಧಿ ವಿಸ್ತರಣೆ ಬೇಕಾಗುತ್ತದೆ ಎಂಬುದು ನಿಜ. ಆದರೆ ಅದನ್ನು ಮಂಜೂರು ಮಾಡುವ ಅಧಿಕಾರ ಅದೇ ಇಲಾಖೆಯ ಮೇಲಧಿಕಾರಿಯ ಬದಲು ಹೊರಗಿನ ಸ್ವತಂತ್ರ ಪ್ರಾಧಿಕಾರದ ಕೈಯಲ್ಲಿರಬೇಕು. ವಿಸ್ತರಣೆಗೆ ಆಕ್ಷೇಪಿಸುವ ಅವಕಾಶ ಆಪಾದಿತ ಅಧಿಕಾರಿಯಂತೆಯೇ ದೂರುದಾರರಿಗೂ ಇರಬೇಕು.