ಕಟ್ಟು ಬಿಚ್ಚದೆ ತನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿದಿದೆ, ದೀಪಾವಳಿ ಹತ್ತಿರ ಬಂದಿದೆ, ಮನೆಮನೆಗಳಲ್ಲಿ ಅಟ್ಟದ ಸಾಮಾನುಗಳನ್ನು ಕೆಳಗಿಳಿಸಿ ಧೂಳು ಹೊಡೆಯುವ ಕೆಲಸ ಆರಂಭವಾಗಿದೆ. ನಮ್ಮ ಮಂಗಳೂರು, ಉಡುಪಿ ಕಡೆಯ ಹಳೆಯ ಮನೆಗಳ ಕಾಗದಪತ್ರಗಳು ಗುಜರಿ ಅಂಗಡಿಗೋ ಬಚ್ಚಲ ಒಲೆಗೋ ಹೋಗುವುದು ಹೆಚ್ಚಾಗಿ ಈ ಹದಿನೈದು ದಿನಗಳಲ್ಲಿಯೇ. ಆದುದರಿಂದ ಇಂದು ನಾನು ಒಂದೇ ಮಾತನ್ನು ಹೇಳಲು ಬಂದಿದ್ದೇನೆ. ಹಳೆಯ ಕಾಗದದ ಕಟ್ಟು ಕೈಗೆ ಸಿಕ್ಕಿದರೆ ಬಿಚ್ಚಬೇಡಿ, ಆರಿಸಬೇಡಿ. ಹೇಗಿದೆಯೋ ಹಾಗೆಯೇ ಪತ್ರಾಗಾರಕ್ಕೆ, ಎಂದರೆ ಹಳೆಯ ಕಾಗದಪತ್ರಗಳನ್ನು ಕಾಪಾಡಿ ಇಡುವ ಜಾಗಕ್ಕೆ, ತನ್ನಿ.

ಜನರು ನಮ್ಮ ವಸ್ತುಸಂಗ್ರಹಾಲಯಕ್ಕೆ ಕಾಗದಗಳನ್ನು ತರುವುದಿಲ್ಲವೆಂದಲ್ಲ. ತರುತ್ತಾರೆ, ಬಹಳ ಪ್ರೀತಿಯಿಂದ ತರುತ್ತಾರೆ; ಆದರೆ ಆರಿಸಿ ತರುತ್ತಾರೆ. ದೊಡ್ಡವರ ಸಹಿಯಿರುವ ಒಂದು ಪತ್ರ, ಬಣ್ಣದ ಅಂಚಿನ ಒಂದು ಮಾನಪತ್ರ, ಚೌಕಟ್ಟು ಹಾಕಿಸಿದ ಒಂದು ಭಾವಚಿತ್ರ. ಉಳಿದದ್ದು ಏನಾಯಿತೆಂದು ಕೇಳಿದರೆ, ಬರೀ ಲೆಕ್ಕದ ಚೀಟಿಗಳು, ಅವುಗಳಲ್ಲಿ ಏನೂ ಇರಲಿಲ್ಲ, ಸುಟ್ಟುಬಿಟ್ಟೆವು ಎನ್ನುತ್ತಾರೆ. ಆ ಉಳಿದದ್ದೇ ನಮಗೆ ಬೇಕಾಗಿತ್ತು. ಚಾಲಗೇಣಿಯ, ಎಂದರೆ ಕಾಯಂ ಅಲ್ಲದ ಗೇಣಿಯ ರಶೀದಿ, ಹೆಣ್ಣಿನ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಕಟ್ಟಿನ ಕುಟುಂಬದ ಪಾಲುಪಟ್ಟಿ, 1974ರ ಭೂಸುಧಾರಣೆಯ ಕಾಲದಲ್ಲಿ ಉಳುವ ಭೂಮಿಯ ಹಕ್ಕು ಕೇಳಿ ಒಕ್ಕಲು ತುಂಬಿಸಿದ 7ನೆಯ ನಮೂನೆಯ ಅರ್ಜಿಯ ಪ್ರತಿ, ಪಂಚಾಂಗದ ಅಂಚಿನಲ್ಲಿ ದನ ಕರು ಹಾಕಿದ ದಿನವನ್ನು ಗುರುತು ಹಾಕಿದ ಎರಡು ಸಾಲು: ಈ ಊರಿನ ಜನ ಹೇಗೆ ಬಾಳಿದರೆಂದು ತಿಳಿಯುವುದು ಇವುಗಳಿಂದ. 1843ರ ಜುಲೈ 1ರಂದು ಹೊರಟ, ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರದ ಹಾಳೆ ಅಮೂಲ್ಯವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅದು ಅಚ್ಚಾದದ್ದು, ಒಂದಕ್ಕಿಂತ ಹೆಚ್ಚು ಪ್ರತಿಗಳಿದ್ದವು. ನಿಮ್ಮ ಅಜ್ಜಿಗೆ ಬಂದ ಕಾಗದಕ್ಕೆ ಎರಡನೆಯ ಪ್ರತಿಯಿಲ್ಲ.

ಬಿಚ್ಚಬೇಡಿ ಎನ್ನುವುದು ನನ್ನ ಹಠವಲ್ಲ. ಒಂದು ಮೂಲದಿಂದ ಬಂದ ಕಾಗದಗಳನ್ನು ಇನ್ನೊಂದು ಮೂಲದವುಗಳೊಡನೆ ಬೆರೆಸಬಾರದು ಎಂಬ ನಿಯಮವನ್ನು ಫ್ರಾನ್ಸಿನ ಸರಕಾರ 1841ರಲ್ಲಿಯೇ ತನ್ನ ಪತ್ರಾಗಾರಗಳಿಗೆ ವಿಧಿಸಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಆರಂಭವಾದ ವರ್ಷವೂ ಅದೇ. ಇಂದಿಗೂ ಜಗತ್ತಿನ ಪತ್ರಾಗಾರಗಳು ಆ ನಿಯಮದ ಮೇಲೆಯೇ ನಡೆಯುತ್ತವೆ.

ಅದು ಏಕೆಂಬುದು ನನಗೆ ಚೆನ್ನಾಗಿ ಅರ್ಥವಾದದ್ದು ಉಡುಪಿಗೆ ಸಮೀಪದ ಒಂದು ಹಳೆಯ ಮನೆಯಲ್ಲಿ. ಮನೆಯನ್ನು ಕೆಡಹುವ ಮೊದಲು ಅವರು ನನಗೆ ಹೇಳಿಕಳುಹಿಸಿದ್ದರು. ಆ ಮನೆಯ ಮಗನೊಬ್ಬರು ಎಳೆಯ ಪ್ರಾಯದಲ್ಲಿಯೇ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿಯುತ್ತಿದ್ದವರು. ಅವರು ತಾಯಿಗೆ ಬರೆದ ಕಾರ್ಡುಗಳನ್ನು ಚಾವಡಿಯ ಗೋಡೆಯಲ್ಲಿ ತೂಗುತ್ತಿದ್ದ ಕೊಕ್ಕೆಗೆ, ಅಡಿಯಲ್ಲಿ ಮರದ ಬಿಲ್ಲೆಯಿರುವ ಆ ಬಾಗಿದ ತಂತಿಗೆ, ಬಂದಬಂದ ಹಾಗೆ ಮನೆಯವರು ಚುಚ್ಚಿ ಇಡುತ್ತಿದ್ದರು. ಹಳೆಯದು ಅಡಿಯಲ್ಲಿ, ಹೊಸದು ಮೇಲೆ. ತಾರೀಕು ಬರೆಯುವ ಅಭ್ಯಾಸ ಆ ಮಗನಿಗಿರಲಿಲ್ಲ. ಬರೆಯಬೇಕಾದ ಅಗತ್ಯವೂ ಇರಲಿಲ್ಲ, ತಂತಿಯೇ ಎಲ್ಲವನ್ನೂ ಹೇಳುತ್ತಿತ್ತು. ನಾನು ಹೋಗುವ ಹಿಂದಿನ ದಿನ ಮನೆಯವರು, ನನಗೆ ಅನುಕೂಲವಾಗಲೆಂದು, ಕಾರ್ಡುಗಳನ್ನೆಲ್ಲ ತಂತಿಯಿಂದ ಕಳಚಿ, ಅಕ್ಷರ ಸ್ಪಷ್ಟವಾಗಿರುವವುಗಳದ್ದು ಒಂದು ರಾಶಿ, ಮಾಸಿದವುಗಳದ್ದು ಇನ್ನೊಂದು ರಾಶಿ ಮಾಡಿ ಇರಿಸಿದ್ದರು. ಅದಕ್ಕೂ ಎಷ್ಟೋ ವರ್ಷ ಮೊದಲು ಅಂಚೆಚೀಟಿ ಕೂಡಿಹಾಕುವ ಹುಡುಗನೊಬ್ಬ ರಾಜನ ಮುಖವಿದ್ದ ಮೂಲೆಯನ್ನು ಹಲವು ಕಾರ್ಡುಗಳಿಂದ ಕತ್ತರಿಸಿಕೊಂಡಿದ್ದ. ಆ ಮೂಲೆಯೊಡನೆ ಅಂಚೆಯ ಠಸ್ಸೆ ಹೋಗಿತ್ತು, ಠಸ್ಸೆಯೊಡನೆ ತಾರೀಕು ಹೋಗಿತ್ತು, ಕಾರ್ಡಿನ ಹಿಂಬದಿಯಲ್ಲಿ ಮಗ ತಾಯಿಯನ್ನು ಕರೆದ ಮೊದಲ ಪದವೂ ಹೋಗಿತ್ತು.

ನನಗೆ ಮಾತೇ ಹೊರಡಲಿಲ್ಲ. ಎರಡೂ ರಾಶಿಗಳನ್ನು ತಂದು, ಕಾರ್ಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಹುಳು ಒಂದೇ ಕಾರ್ಡಿಗೆ ನಿಲ್ಲುವುದಿಲ್ಲ. ಒಂದರ ಮೇಲೊಂದಿರುವ ಹತ್ತಿಪ್ಪತ್ತನ್ನು ಓರೆಯಾಗಿ ಕೊರೆಯುತ್ತ ಹೋಗುತ್ತದೆ, ಆದುದರಿಂದ ಅದರ ತೂತು ಕಾರ್ಡಿನಿಂದ ಕಾರ್ಡಿಗೆ ನೂಲೆಳೆಯಷ್ಟು ಸರಿಯುತ್ತದೆ. ಆ ತೂತುಗಳನ್ನೂ, ತಂತಿ ಚುಚ್ಚಿದ ಜಾಗದ ಸುತ್ತ ಕಟ್ಟಿದ ತುಕ್ಕಿನ ಕಲೆಯನ್ನೂ ಹೊಂದಿಸುತ್ತ ಮೂರು ತಿಂಗಳು ಕುಳಿತೆ. ಮಾಸಿದ ರಾಶಿಯಲ್ಲಿ ಒಂದು ಕಾರ್ಡು ಸಿಕ್ಕಿತು. ನಿನ್ನೆ ಸಂಜೆ ನಾಲ್ಕರ ಹೊತ್ತಿಗೆ ಭಯಂಕರ ಸದ್ದಾಗಿ ಹೋಟೆಲಿನ ಗಾಜುಗಳೆಲ್ಲ ಉದುರಿದವು, ನಾನು ಕ್ಷೇಮವಾಗಿದ್ದೇನೆ, ಯಾರ ಮಾತನ್ನೂ ಕೇಳಿ ಹೆದರಬೇಡಿ ಎಂದು ಅದರಲ್ಲಿತ್ತು. ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಮದ್ದುಗುಂಡು ತುಂಬಿದ್ದ ಹಡಗು ಸಿಡಿದದ್ದು 1944ರ ಏಪ್ರಿಲ್ 14ರಂದು. ಆ ಒಂದು ಕಾರ್ಡಿಗೆ ತಾರೀಕು ಸಿಕ್ಕಿದ ಕೂಡಲೇ, ಅದರೊಡನೆ ಹುಳು ಕೊರೆದ ಕಾರ್ಡುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಕೆಳಗಿನದರಲ್ಲಿ ರೇಷನ್ ಅಕ್ಕಿಯ ದೂರು, ಮೇಲಿನದರಲ್ಲಿ ಮಳೆ ಹಿಡಿಯುವ ಮೊದಲು ಮಾಡಿಗೆ ಹುಲ್ಲು ಹೊದೆಸಲು ಹಣ ಕಳುಹಿಸಿದ ಸುದ್ದಿ. ಹನ್ನೊಂದು ಕಾರ್ಡುಗಳಿಗೆ ಮಾತ್ರ ಇಂದಿಗೂ ಜಾಗ ಸಿಕ್ಕಿಲ್ಲ. ಅವು ಬೇರೆ ಲಕೋಟೆಯಲ್ಲಿವೆ. ತಂತಿಯಿಂದ ಕಳಚದೆ ಇದ್ದಿದ್ದರೆ ಇದು ಒಂದು ಮಧ್ಯಾಹ್ನದ ಕೆಲಸವಾಗಿತ್ತು.

ಈ ಕತೆಗೇ ಹೆಚ್ಚು ಹೊತ್ತು ಹಿಡಿಯಿತು. ಉಳಿದುದನ್ನು ಬೇಗನೆ ಹೇಳಿಬಿಡುತ್ತೇನೆ. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲಿಗೆ ಒಣಹಾಕಬೇಡಿ. ತಾಳೆಗರಿಯ ಕಟ್ಟಿದ್ದರೆ ಅದರ ಹಲಗೆಯನ್ನೂ ದಾರವನ್ನೂ ಹಾಗೆಯೇ ಬಿಡಿ. ಎಣ್ಣೆ ಸವರುವ ಕೆಲಸವನ್ನು ಬಲ್ಲವರು ಮಾಡುತ್ತಾರೆ. ಅದು ತುಳು ಲಿಪಿಯಲ್ಲಿದೆ, ಯಾರಿಗೂ ಓದಲು ಬರುವುದಿಲ್ಲ ಎಂದು ಗರಿಗಳನ್ನು ನೆಂಟರಿಷ್ಟರಿಗೆ ನೆನಪಿಗಾಗಿ ಹಂಚುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಗ್ರಂಥಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಸಂಶೋಧನ ಕೇಂದ್ರವನ್ನು ಸೇರಿತು. ಅದು ಹರಿಹಂಚಿ ಹೋಗದ ಕಾರಣ ಒಬ್ಬ ವಿದ್ವಾಂಸನ ಓದಿನ ಹರಹು ಎಷ್ಟೆಂಬುದನ್ನು ನಾವು ಈಗಲೂ ಕಪಾಟಿನ ಮುಂದೆ ನಿಂತು ನೋಡಬಹುದು.

ಈ ಹಬ್ಬಕ್ಕೆ ಪೆಟ್ಟಿಗೆ ಕೆಳಗಿಳಿಸಿದಾಗ ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ: ಯಾವ ಮನೆ, ಯಾವ ಕೋಣೆ, ಯಾರು ಇಟ್ಟದ್ದು. ಚೀಟಿಯನ್ನು ಅಂಟಿಸದೆ ಪೆಟ್ಟಿಗೆಯೊಳಗೆ ಮೇಲೆಯೇ ಇಡಿ. ಕಾಗದಗಳೊಡನೆ ಇದ್ದ ದಾರ, ಬಟ್ಟೆಯ ಚೂರು, ತುಕ್ಕು ಹಿಡಿದ ಕೊಕ್ಕೆ, ಯಾವುದನ್ನೂ ತೆಗೆಯಬೇಡಿ. ಮುಚ್ಚಳ ಹಾಕಿ, ಕಟ್ಟು ಬಿಚ್ಚದೆ ತನ್ನಿ. ನಮಸ್ಕಾರ.