ವರ್ಷ ಕಳೆದ ಮೇಲೆ ಭುಜ ಹೇಗಿದೆ?

ಕೇಳುಗರಿಗೆ ನಮಸ್ಕಾರ.

ಕೋಲಾರದ ಟೊಮೆಟೊ ಮಂಡಿಯಲ್ಲಿ ಒಂದು ಬಾಕ್ಸ್ ಅಂದರೆ 15 ಕಿಲೊ. ಅದನ್ನು ಎತ್ತಿ ಎತ್ತಿ ಹೇರಿದ ಹಮಾಲಿಗಳಲ್ಲಿ ಕೆಲವರಿಗೆ ಐವತ್ತು ದಾಟಿದ ಮೇಲೆ ಭುಜ ನೋಯುವ ಮಗ್ಗುಲಿಗೆ ಮಲಗೋಕೆ ಆಗುವುದಿಲ್ಲ. ಅಂಗಿ ತೋಳಿಗೆ ಒಂದು ಕೈಯನ್ನು ಇನ್ನೊಂದು ಕೈಯೇ ತೂರಿಸಬೇಕು. "ನರ ಹಿಡ್ಕೊಂಡಿದೆ" ಅಂತ ಎಣ್ಣೆ ತಿಕ್ಕಿಸಿಕೊಂಡು ನನ್ನ ಹತ್ತಿರ ಫಿಸಿಯೋಥೆರಪಿಗೆ ಬರುತ್ತಾರೆ. ಎಷ್ಟೋ ಸಲ ಅದು ನರ ಅಲ್ಲ, ಟೆಂಡನ್. ಮಾಂಸಖಂಡವನ್ನು ಮೂಳೆಗೆ ಹಿಡಿದಿಡುವ ಗಟ್ಟಿ ನಾರು. ಹರಿದರೆ ಕೆಲವರಿಗೆ ವ್ಯಾಯಾಮವೇ ಸಾಕು, ಕೆಲವರಿಗೆ ಆಪರೇಷನ್ ಮಾಡಿ ಹೊಲಿಯಬೇಕು.

ಹೊಲಿದದ್ದು ನಿಂತಿತಾ? ಮನೆಗೆ ಕಳಿಸಿದ ಮೇಲೆ ಯಾರಿಗೆ ಗೊತ್ತು! ವಾಸಿಯಾದವರು ತಿರುಗಿ ಬರುವುದಿಲ್ಲ. ಆಗದವರು ಬೇರೆ ಡಾಕ್ಟರನ್ನು ಹುಡುಕಿಕೊಂಡಿರುತ್ತಾರೆ.

ಸ್ವೀಡನ್ ದೇಶ 1975ರಿಂದಲೂ ಕೃತಕ ಮಂಡಿ ಕೀಲು ಹಾಕಿಸಿಕೊಂಡವರಿಗೆ ಮುಂದೇನಾಯಿತು ಅಂತ ಲೆಕ್ಕ ಇಡುತ್ತಿದೆ. ಕಾಲಿನ ಮಂಡಿ ಸ್ವಾಮಿ, ಟೊಮೆಟೊ ಮಂಡಿ ಅಲ್ಲ. ಅಲ್ಲಿ ಪ್ರತಿಯೊಬ್ಬರಿಗೂ 1947ರಿಂದ ಒಂದು ಗುರುತಿನ ಸಂಖ್ಯೆ ಇದೆ. ಯಾವ ಊರಲ್ಲಿ ಮತ್ತೆ ಆಪರೇಷನ್ ಆದರೂ ಹಳೆಯ ದಾಖಲೆಗೆ ಬಂದು ಸೇರುತ್ತದೆ. ನಮ್ಮಲ್ಲೂ ಆರೋಗ್ಯದ ದಾಖಲೆಗೆಂದು 14 ಅಂಕಿಯ ಆಭಾ ನಂಬರ್ ಬಂದಿದೆ, ಆದರೂ ಚೀಟಿಯಲ್ಲಿ ಬರೆಯುವುದು ಹೆಸರನ್ನೇ. "ಮುನಿಯಪ್ಪ" ಅಂತ ಕೂಗಿದರೆ ನಾಲ್ಕು ಜನ ಏಳುತ್ತಾರೆ.

ಟೆಂಡನ್ ವಿಷಯ ಮಂಡಿಗಿಂತ ಕಷ್ಟ. ಹೊಲಿದ ನಾರು ಒಳಗೇ ಮತ್ತೆ ಹರಿದಿರಬಹುದು, ಆದರೂ ಆಸಾಮಿ ಆರಾಮಾಗಿರುತ್ತಾನೆ. ಇನ್ನೊಬ್ಬನ ನಾರು ಗಟ್ಟಿಯಾಗಿದೆ, ಕೈ ಮೇಲೇಳದು. ಇಬ್ಬರೂ ಮತ್ತೆ ಆಪರೇಷನ್‌ಗೆ ಬರುವುದಿಲ್ಲ. ಹಾಗಾಗಿ ಮರು ಆಪರೇಷನ್ ಎಷ್ಟಾಯಿತು ಅಂತ ಸುಮ್ನೆ ಎಣಿಸಿದರೆ ಏನೂ ತಿಳಿಯದು. ರೋಗಿಯನ್ನೇ ಕೇಳಬೇಕು. ಆಕ್ಸ್‌ಫರ್ಡ್‌ನವರು 1996ರಲ್ಲಿ ಭುಜಕ್ಕೆಂದೇ 12 ಪ್ರಶ್ನೆ ಮಾಡಿದರು. ಬಟ್ಟೆ ಹಾಕಿಕೊಳ್ಳೋಕೆ ಆಗುತ್ತಾ? ತಲೆ ಬಾಚೋಕೆ? ಚಾಕು ಮತ್ತು ಮುಳ್ಳು ಚಮಚ ಒಟ್ಟಿಗೆ ಹಿಡಿಯೋಕೆ? ನಮ್ಮ ಕಡೆ ಈ ಕೊನೆಯದನ್ನು ಮುದ್ದೆ ಮುರಿಯೋದಕ್ಕೆ ಬದಲಾಯಿಸಬೇಕು, ಅಲ್ವಾ?

ವಯಸ್ಸು, ಹರಿದ ಅಳತೆ, ಸಕ್ಕರೆ ಕಾಯಿಲೆ, ಬೀಡಿ, ಇವನ್ನೂ ಬರೆದಿಡಬೇಕು. ಇಲ್ಲದಿದ್ದರೆ ಕಷ್ಟದ ಕೇಸು ಹಿಡಿದ ಡಾಕ್ಟರೇ ದಡ್ಡರಂತೆ ಕಾಣುತ್ತಾರೆ.

ನನ್ನ ಪುಸ್ತಕದಲ್ಲಿರುವ ಫೋನ್ ನಂಬರುಗಳಲ್ಲಿ ಎಷ್ಟೋ ಮಗನವು, ಅಳಿಯನವು. ಸಿಮ್ ಬದಲಾದರೆ ಮುಗಿಯಿತು. ಮೊನ್ನೆ ಒಬ್ಬರು ಸಿಕ್ಕರು. "ಪರವಾಗಿಲ್ಲ ಸಾರ್, ಚೆನ್ನಾಗಿದೀನಿ" ಅಂದರು, ಮರ್ಯಾದೆಗೆ. ಹಿಂದಿನಿಂದ ಹೆಂಡತಿಯ ದನಿ: "ಎಲ್ಲಿ ಚೆನ್ನಾಗಿದೀರ? ಅಂಗಿ ಇನ್ನೂ ನಾನೇ ಹಾಕ್ತೀನಿ."

ಬರೆದುಕೊಂಡದ್ದು ಆಯಮ್ಮನ ಮಾತನ್ನು.